ಪ್ರೌಢಶಾಲೆಗೆ ಪ್ರಯೋಗಾಲಯವೋ, ವಿಜ್ಞಾನ ಕಿಟ್ಟೋ, ಓಲ್ಯಾಬ್ಸೋ?

ದಾನಿಗಳ ಹಣದಲ್ಲಿ ಪ್ರತ್ಯೇಕ ಪ್ರಯೋಗಾಲಯ ಕಟ್ಟಿಸುವುದೋ, ತರಗತಿಗೇ ಒಯ್ಯಬಹುದಾದ ಕಿಟ್ ಕೊಳ್ಳುವುದೋ, ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿಸುವ ಓಲ್ಯಾಬ್ಸ್ ಎಂಬ ಆನ್‌ಲೈನ್ ಪ್ರಯೋಗಾಲಯವನ್ನು ಕಂಪ್ಯೂಟರಿನಲ್ಲಿ ಬಳಸುವುದೋ ಎಂಬುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರ ಪ್ರಶ್ನೆ.

ವೆಚ್ಚದಲ್ಲಿ ಓಲ್ಯಾಬ್ಸ್ ಹಗುರ. ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ಅದು ಉಚಿತ, ಆದರೆ ಕಂಪ್ಯೂಟರ್ ಮತ್ತು ವಿದ್ಯುತ್ ಬೇಕು. ಪ್ರಯೋಗಾಲಯಕ್ಕೆ ಕೊಠಡಿಯಷ್ಟೇ ಅಲ್ಲದೆ ನಲ್ಲಿ, ಸಿಂಕ್ ಹಾಗೂ ಪ್ರತಿವರ್ಷದ ರಾಸಾಯನಿಕಗಳ ಖರ್ಚೂ ಇದೆ. ಈ ಕೊನೆಯದನ್ನು ಉದ್ಘಾಟನೆಯ ದಿನ ಯಾರೂ ಲೆಕ್ಕ ಹಾಕುವುದಿಲ್ಲ.

ಬಾಳಿಕೆಯು ಬಹುಮಟ್ಟಿಗೆ ಸಂಗ್ರಹಣೆಯನ್ನು ಅವಲಂಬಿಸಿದೆ. ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯನ್ನು ವಿದ್ಯುತ್ ಪ್ರವಾಹ ಅಳೆಯುವ ಅಮ್ಮೀಟರುಗಳಿರುವ ಬೀರುವಿನಲ್ಲೇ ಇಟ್ಟರೆ ಅದರ ಹಬೆಗೆ ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ. ಸಿಲ್ವರ್ ನೈಟ್ರೇಟ್ ಬೆಳಕಿಗೆ ಕೆಡುವುದರಿಂದ ಅದಕ್ಕೆ ಕಂದು ಬಾಟಲಿ ಬೇಕು. ಕಿಟ್‌ನಲ್ಲಿ ಒಡೆದ ಪ್ರನಾಳಗಳ ಬದಲು ಹೊಸವನ್ನು ಆಗಾಗ ಇಟ್ಟರೆ ಸಾಕು.

ಕಲಿಕೆಯ ದೃಷ್ಟಿಯಿಂದ ನನ್ನ ಒಲವು ಕೈಯಿಂದ ಮಾಡುವ ಪ್ರಯೋಗದ ಕಡೆಗಿದೆ. ವೋಲ್ಟೇಜ್ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವಿದ್ಯುತ್ ಪ್ರವಾಹವೂ ಹೆಚ್ಚುತ್ತದೆ ಎನ್ನುವ ಓಮ್‌ನ ನಿಯಮವನ್ನು ಪರದೆಯ ಮೇಲೆ ಪರೀಕ್ಷಿಸಿದರೆ ನಕ್ಷೆಯ ರೇಖೆ ನೇರವಾಗಿಯೇ ಬರುತ್ತದೆ. ಸಡಿಲವಾದ ತಂತಿಯನ್ನು ಹುಡುಕಿ ಬಿಗಿಗೊಳಿಸುವ ಪಾಠ ಅಲ್ಲಿ ದೊರೆಯದು.

ಕೊಠಡಿಯಿಲ್ಲದೆ ಒಬ್ಬರೇ ವಿಜ್ಞಾನ ಶಿಕ್ಷಕರಿರುವ ಶಾಲೆಗೆ ಕಿಟ್ ಸೂಕ್ತ, ಆದರೆ ನಲ್ಲಿಯಿಲ್ಲದ ತರಗತಿಯಲ್ಲಿ ಪ್ರಬಲ ಆಮ್ಲಗಳನ್ನು ಬಳಸಬಾರದು. ನೀರಿನ ಸೌಕರ್ಯವಿದ್ದು, ಭೌತ ಮತ್ತು ಜೀವವಿಜ್ಞಾನಗಳಿಗೆ ಬೇರೆ ಬೇರೆ ಶಿಕ್ಷಕರಿದ್ದರೆ ಪ್ರಯೋಗಾಲಯದ ಹಣ ಸಾರ್ಥಕವಾಗುತ್ತದೆ. ಓಲ್ಯಾಬ್ಸ್ ಎರಡೂ ಕಡೆ ಪೂರ್ವಾಭ್ಯಾಸಕ್ಕೆ ಒದಗುತ್ತದೆ.