ಇನ್ವರ್ಟರ್‌ಗೆ ಟ್ಯೂಬ್ಯುಲರ್ ಬ್ಯಾಟರಿಯೋ, ಸೀಲ್ಡ್ ಬ್ಯಾಟರಿಯೋ?

ಮೂಡಿಗೆರೆಯ ತೋಟದ ಮನೆಗೆ ಯಾವುದು ಒಳ್ಳೆಯದೆಂದು ಕೇಳಿದ್ದೀರಿ. ಮಲೆನಾಡಿನಲ್ಲಿ ಬೆಲೆಗಿಂತ ಮೊದಲು ಮಳೆಗಾಲವನ್ನು ನೆನೆಯಬೇಕು. ಮರ ಬಿದ್ದು ತಂತಿ ಹರಿದರೆ ಬ್ಯಾಟರಿ ಪೂರ್ತಿ ಬರಿದಾಗುವವರೆಗೂ ದುಡಿಯಬೇಕಾಗುತ್ತದೆ. ಇದನ್ನು ಟ್ಯೂಬ್ಯುಲರ್ ಹೆಚ್ಚು ತಾಳಿಕೊಳ್ಳುತ್ತದೆ. ಅದರ ಧನ (ಪಾಸಿಟಿವ್) ಫಲಕದ ಸೀಸದ ಪದಾರ್ಥ ಕೊಳವೆಗಳೊಳಗೆ ಇರುವುದರಿಂದ ಬೇಗ ಉದುರುವುದಿಲ್ಲ.

ಆದರೆ ಅದಕ್ಕೆ ಆರೈಕೆ ಬೇಕು. ಆಗಾಗ ಒಳಗಿನ ದ್ರವದ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡವೇ ಬೇಡ, ಆಸಿಡ್ಡೂ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ಜಾಗದಲ್ಲಿಡಿ.

ಸೀಲ್ಡ್, ಅಂದರೆ ಪೂರ್ತಿ ಮುಚ್ಚಿದ ಬ್ಯಾಟರಿಗೆ ನೀರಿನ ಗೊಡವೆಯಿಲ್ಲ, ಬೆಲೆ ಸಾಮಾನ್ಯವಾಗಿ ತುಸು ಹೆಚ್ಚು. ಚಾರ್ಜರ್ ಮಾತ್ರ ಸರಿಯಾಗಿರಲೇಬೇಕು: 12 ವೋಲ್ಟ್ ಬ್ಯಾಟರಿ ತುಂಬಿದ ಮೇಲೆ ಸುಮಾರು 13.5ರಿಂದ 13.8 ವೋಲ್ಟ್ ಸಾಕು. ಅತಿಯಾಗಿ ಚಾರ್ಜ್ ಆಗಿ ಒಳಗೆ ಒಣಗಿದರೆ ಮತ್ತೆ ನೀರು ತುಂಬಲು ದಾರಿಯಿಲ್ಲ.

ಹಾಸನ ನಗರದ ಚಿಕ್ಕ ಮನೆ, ಅಪರೂಪಕ್ಕೆ ಕರೆಂಟು ಹೋಗುವ ಬಡಾವಣೆ, ಮಟ್ಟ ನೋಡಲು ಪುರುಸೊತ್ತಿಲ್ಲದವರು ಎಂದಾದರೆ ಸೀಲ್ಡ್ ಸರಿ. ನಿಮ್ಮಂತೆ ದಿನಗಟ್ಟಲೆ ಕತ್ತಲಲ್ಲಿರುವವರಿಗೆ ನಾನು ಟ್ಯೂಬ್ಯುಲರನ್ನೇ ಹೇಳುತ್ತೇನೆ. ಯಾವುದನ್ನು ತಂದರೂ ಖಾಲಿಯಾದದ್ದನ್ನು ಹಾಗೆಯೇ ಬಿಡಬೇಡಿ, ಕರೆಂಟು ಬಂದೊಡನೆ ಪೂರ್ತಿ ಚಾರ್ಜ್ ಮಾಡಿ. ಇಲ್ಲವಾದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ.