ಏಳು ವರ್ಷ ಗಿಟ್ ಬಳಸಿದವನ ಅನುಭವ: ರೆಫ್‌ಲಾಗ್ ಕಾಪಾಡಿದ್ದು, ಕಾಪಾಡದೇ ಇದ್ದದ್ದು

ದಾವಣಗೆರೆ ಎಪಿಎಂಸಿಯ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡೋದು ನನ್ನ ಕೆಲಸ. ತೂಕ, ದರ, ಹಮಾಲಿ, ರೈತರ ಕೈಗೆ ಕೊಡೋ ಚೀಟಿ, ಇಷ್ಟೇ. ಜೊತೆಗೆ ಯಾರೂ ಇಲ್ಲ. ಏಳು ವರ್ಷದಿಂದ ಕೋಡ್ ಅಷ್ಟೂ ಗಿಟ್‌ನಲ್ಲಿದೆ, ಅಂದ್ರೆ ಕೋಡಿನ ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳೋ ಸಾಫ್ಟ್‌ವೇರ್‌ನಲ್ಲಿ. ಹಾಗೆ ಉಳಿಸಿದ ಒಂದೊಂದು ಹಂತವೇ ಕಮಿಟ್. ಕ್ಲೋನ್ (ಇಡೀ ನಕಲು ತೆಗೆಯೋದು), ಪುಶ್ (ಬೇರೆ ಕಡೆಯ ನಕಲಿಗೆ ಕಳಿಸೋದು), ಪುಲ್ (ಅಲ್ಲಿಂದ ತರೋದು) ಬಳಸೋರೆಲ್ಲರಿಗೂ ಗೊತ್ತಿರೋದೇ. ನಾನು ಹೇಳಬೇಕಿರೋದು ರೆಫ್‌ಲಾಗ್ ವಿಷಯ, ಅಂದ್ರೆ ನಾವು ಯಾವ್ಯಾವ ಕಮಿಟ್‌ಗೆ ಹೋಗಿ ಬಂದ್ವಿ ಅಂತ ಗಿಟ್ ಬರೆದಿಟ್ಟುಕೊಳ್ಳೋ ದಾಖಲೆ.

ಹೋದ ವರ್ಷ ಮೆಕ್ಕೆಜೋಳದ ಸುಗ್ಗಿ, ಯಾರ್ಡ್ ತುಂಬಾ ರಾಶಿ. ಹಮಾಲಿ ಲೆಕ್ಕವನ್ನ ಚೀಲದಿಂದ ಕ್ವಿಂಟಾಲಿಗೆ ಬದಲಾಯಿಸಿಟ್ಟಿದ್ದೆ. ಸಂಜೆ ಸಾಹುಕಾರರ ಫೋನ್: "ತಮ್ಮಾ, ಹಮಾಲರು ಒಪ್ತಿಲ್ಲ, ಹಳೇ ಲೆಕ್ಕಾನೇ ಹಾಕಿಬಿಡು." ಗಡಿಬಿಡಿಯಲ್ಲಿ ರೀಸೆಟ್ ಹಾರ್ಡ್ ಹೊಡೆದೆ, ಕೋಡನ್ನ ಹಳೇ ಕಮಿಟ್‌ಗೆ ಒಯ್ಯೋ ಆದೇಶ ಅದು. ಒಂದು ಕಮಿಟ್ ಹಿಂದಕ್ಕೆ ಹೋಗಬೇಕಿತ್ತು, ಐದು ಹೋಗಿದ್ದೆ. ಕಮಿಟ್‌ಗಳ ಪಟ್ಟಿ ತೋರಿಸೋ ಗಿಟ್ ಲಾಗ್‌ನಲ್ಲಿ ನಾಲ್ಕು ದಿನದ ಕೆಲಸದ ಸುಳಿವೇ ಇಲ್ಲ. ಪುಶ್ ಕೂಡ ಮಾಡಿರಲಿಲ್ಲ. ಕೈ ತಣ್ಣಗಾಯ್ತು.

ಗಿಟ್ ರೆಫ್‌ಲಾಗ್ ಅಂತ ಹೊಡೆದೆ. ಹೆಡ್ (ಆಯಾ ಹೊತ್ತಿಗೆ ನಾನಿದ್ದ ಕಮಿಟ್) ಎಲ್ಲೆಲ್ಲಿ ಓಡಾಡಿತ್ತೋ ಅದೆಲ್ಲ ಸಾಲಾಗಿ ಬಂತು. ಮೊದಲ ಸಾಲಲ್ಲಿ ಆಗಷ್ಟೇ ಮಾಡಿದ ರೀಸೆಟ್. ಅದರ ಕೆಳಗೇ ನಾನು ಕನ್ನಡದಲ್ಲಿ ಬರೆದಿದ್ದ ಕಮಿಟ್, "ಹಮಾಲಿ ಕ್ವಿಂಟಾಲಿಗೆ". ಎಡಗಡೆ ಏಳು ಅಕ್ಷರದ ಗುರುತು. ಆ ಗುರುತು ಕಾಪಿ ಮಾಡಿ ಮತ್ತೆ ರೀಸೆಟ್ ಕೊಟ್ಟೆ. ನಾಲ್ಕು ದಿನದ ಕೆಲಸ ಅಷ್ಟೂ ವಾಪಸ್! ಆಮೇಲೆ ಬೇಡದ ಒಂದನ್ನ ರಿವರ್ಟ್ ಮಾಡಿದೆ. ರಿವರ್ಟ್ ಏನನ್ನೂ ಅಳಿಸಲ್ಲ, ಉಲ್ಟಾ ಬದಲಾವಣೆಯನ್ನ ಹೊಸ ಕಮಿಟ್ ಆಗಿ ಸೇರಿಸುತ್ತೆ. ಮೊದಲೇ ಅದನ್ನ ಮಾಡಬೇಕಿತ್ತು.

ಆದರೆ ಬೆಳಗ್ಗೆಯಿಂದ ತಿದ್ದಿದ್ದ ಚೀಟಿ ಪ್ರಿಂಟಿನ ಕೋಡ್ ಬರಲೇ ಇಲ್ಲ. ಕಮಿಟ್ ಆಗಿರಲಿಲ್ಲ, ಆಡ್ (ಕಮಿಟ್‌ಗೆ ಮುಂಚೆ ಸಿದ್ಧ ಮಾಡಿಡೋದು) ಕೂಡ ಆಗಿರಲಿಲ್ಲ. ಆಡ್ ಆದರೂ ಮಾಡಿದ್ದರೆ ಗಿಟ್ ಸಂಗ್ರಹವನ್ನ ತಪಾಸಣೆ ಮಾಡೋ ಎಫ್‌ಎಸ್‌ಸಿಕೆ ಆದೇಶದಲ್ಲಿ ಹುಡುಕಿ ತೆಗೆಯಬಹುದಿತ್ತು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳು) ಕೆಲಸಕ್ಕೆ ಅಂತ ಶುರು ಮಾಡಿದ್ದು ಗಿಟ್. ಇಷ್ಟು ವರ್ಷ ಆದಮೇಲೂ ರೀಸೆಟ್ ಹಾರ್ಡ್ "ಕಮಿಟ್ ಆಗದೇ ಇರೋದು ಇದೆ, ಅಳಿಸಲಾ?" ಅಂತ ಒಂದು ಮಾತು ಕೇಳಲ್ಲ. ಈ ಸಿಟ್ಟು ನನಗೆ ಹೋಗಿಲ್ಲ. ಬ್ರಾಂಚ್ (ಕೋಡ್ ಇತಿಹಾಸದ ಕವಲು) ಬದಲಿಸೋದು, ಫೈಲ್ ಹಳೇ ಸ್ಥಿತಿಗೆ ತರೋದು ಎರಡನ್ನೂ ಚೆಕ್‌ಔಟ್ ಅನ್ನೋ ಒಂದೇ ಆದೇಶದ ತಲೆಗೇ ಕಟ್ಟಿದ್ದರು. 2019ರಲ್ಲಿ ಸ್ವಿಚ್, ರೀಸ್ಟೋರ್ ಅಂತ ಬೇರೆ ಮಾಡಿದ್ದು ಒಳ್ಳೇದಾಯ್ತು.

ರೆಫ್‌ಲಾಗ್ ಆ ಒಂದು ಕಂಪ್ಯೂಟರಿನಲ್ಲಷ್ಟೇ ಇರುತ್ತೆ, ಕ್ಲೋನ್ ಜೊತೆ ಬರಲ್ಲ. ಅದರಲ್ಲಿ ಬರೆದದ್ದು ಸಾಮಾನ್ಯವಾಗಿ 90 ದಿನ ಉಳಿಯುತ್ತೆ. ನನ್ನ ಕಮಿಟ್‌ಗಳ ಹಾಗೆ ಬ್ರಾಂಚಿನಿಂದ ಕಳಚಿಕೊಂಡದ್ದಕ್ಕೆ 30 ದಿನ ಮಾತ್ರ.

ಈಗ ಸಂಜೆ ಮಂಡಕ್ಕಿ ಮೆಣಸಿನಕಾಯಿಗೆ ಎದ್ದು ಹೋಗೋ ಮುಂಚೆ ಒಂದು ರೂಢಿ. ಸ್ಟೇಟಸ್ (ಯಾವ ಫೈಲ್ ಬದಲಾಗಿದೆ), ಆಮೇಲೆ ಡಿಫ್ (ಅದರಲ್ಲಿ ಏನೇನು ಬದಲಾಗಿದೆ). ತೆಗೆದ ಕೆಂಪು ಸಾಲು, ಸೇರಿಸಿದ ಹಸಿರು ಸಾಲು ಒಂದೊಂದನ್ನೂ ಓದಿಯೇ ಕಮಿಟ್. ಕೊನೆಗೆ ಪೆನ್‌ಡ್ರೈವ್‌ನಲ್ಲಿರೋ ಬೇರ್ ರೆಪೊಗೆ (ಇತಿಹಾಸ ಮಾತ್ರ ಇಡೋ ಗಿಟ್ ಸಂಗ್ರಹ) ಪುಶ್. ಇದಕ್ಕೆ ನೆಟ್ ಬೇಡ, ತಿಂಗಳ ಬಾಡಿಗೆ ಇಲ್ಲ. ಪೆನ್‌ಡ್ರೈವ್ ಮನೆಯ ಬೀರುವಿಗೆ ಹೋಗುತ್ತೆ.

ಇನ್ನೊಂದು. ಫೈಲ್ ಹೆಸರನ್ನ ಕನ್ನಡದಲ್ಲಿಟ್ಟರೆ ಸ್ಟೇಟಸ್‌ನಲ್ಲಿ ಬರೀ ಗೆರೆ, ಅಂಕಿ ಬರ್ತಿತ್ತು. ಗಿಟ್‌ನ ಸೆಟ್ಟಿಂಗ್ ಇರೋ ಕಾನ್ಫಿಗ್‌ನಲ್ಲಿ ಕೋರ್ ಡಾಟ್ ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದೆ. ಈಗ "ಹಮಾಲಿ-ದರ" ಅಂತ ಅಚ್ಚ ಕನ್ನಡದಲ್ಲೇ ಕಾಣುತ್ತೆ.