ಐದು ತಿಂಗಳು ತುಂಬದ ಮಗುವಿಗೆ ಮನೆಯ ಬೇಬಿ ಸಿಟ್ಟಿಂಗೋ, ಡೇಕೇರ್ ಕೇಂದ್ರವೋ: ಉಡುಪಿಯಲ್ಲಿ ಎರಡನ್ನೂ ಕಂಡ ಅನುಭವ

ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ತಿದ್ದುಪಡಿಯಾದ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ರಜೆ ಸಿಗುತ್ತದೆ. ವೈದ್ಯರ ಸಲಹೆಯಂತೆ ನಾನು ಹೆರಿಗೆಗೆ ಐದು ವಾರ ಮೊದಲೇ ರಜೆ ಆರಂಭಿಸಬೇಕಾಗಿ ಬಂದುದರಿಂದ, ಜೂನ್ ತಿಂಗಳಲ್ಲಿ ಮಣಿಪಾಲದ ಕಚೇರಿಗೆ ಮರಳಿದ ದಿನ ಮಗಳಿಗೆ ಐದು ತಿಂಗಳೂ ತುಂಬಿರಲಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೊಠಡಿಯ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದು ಅದೇ ಕಾನೂನು ಹೇಳುತ್ತದೆ. ನಮ್ಮ ಕಚೇರಿಯಲ್ಲಿ ಇರುವವರು ಹದಿನೆಂಟು ಮಂದಿ. ಯಜಮಾನರು ಪ್ರತಿದಿನ ಮಂಗಳೂರಿಗೆ ಹೋಗಿಬರುವವರು, ಅತ್ತೆಯವರಿಗೆ ಮಗುವನ್ನು ಎತ್ತಿಕೊಳ್ಳಲಾಗದಷ್ಟು ಮಂಡಿನೋವು, ನನ್ನ ತಾಯಿ ಶಿರಸಿಯಲ್ಲಿ. ಹೀಗಾಗಿ ಮೊದಲ ಏಳು ವಾರ ಮಗಳನ್ನು ಮಣಿಪಾಲದ ಒಂದು ಡೇಕೇರ್ ಕೇಂದ್ರದಲ್ಲಿಯೂ, ಆಗಸ್ಟ್‌ನಿಂದ ಈಚೆಗೆ ಒಂಬತ್ತು ತಿಂಗಳು ಕುಂಜಿಬೆಟ್ಟಿನ ಒಬ್ಬರ ಮನೆಯಲ್ಲಿಯೂ ಬಿಟ್ಟಿದ್ದೇವೆ. ಎರಡೂ ಕಡೆಯವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಮನೆಯೇ ಮೇಲು ಎಂಬ ನಿರ್ಧಾರಕ್ಕೆ ನಾನು ಬಂದಿದ್ದೇನೆ, ಆದರೆ ಕೆಲವು ವಿಷಯಗಳಲ್ಲಿ ಕೇಂದ್ರದವರು ಮಾಡಿದ್ದನ್ನು ಆ ಮನೆಯಲ್ಲಿ ನಾನೇ ನಿಂತು ಕಲಿಸಬೇಕಾಯಿತು.

ಆ ವಿಷಯಗಳಲ್ಲಿ ಮೊದಲನೆಯದು ಹಾಲು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕೆಂದು ವೈದ್ಯರು ಹೇಳುವುದರಿಂದ, ಕೆಲಸಕ್ಕೆ ಹೋಗುವ ತಾಯಿ ಹಿಂಡಿಟ್ಟ ಹಾಲನ್ನು ಕೊಟ್ಟುಕಳುಹಿಸಬೇಕು. ಈ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಉಳಿಯುತ್ತದೆ. ನಮ್ಮ ಕರಾವಳಿಯ ಕೋಣೆಗಳು ಮಳೆಗಾಲದಲ್ಲೂ ಅಷ್ಟು ತಂಪಾಗಿರುವುದು ಅಪರೂಪವಾದ್ದರಿಂದ ಫ್ರಿಜ್ ಬೇಕೇ ಬೇಕು. ಕೇಂದ್ರದವರು ಪ್ರತಿ ಬಾಟಲಿಗೆ ಮಗುವಿನ ಹೆಸರು, ದಿನಾಂಕ, ಹೊತ್ತು ಬರೆದು ಅಂಟಿಸುತ್ತಿದ್ದರು, ಬಿಸಿನೀರಿನ ಬಟ್ಟಲಿನಲ್ಲಿ ಬಾಟಲಿಯನ್ನಿಟ್ಟು ಹಾಲನ್ನು ಬೆಚ್ಚಗೆ ಮಾಡುತ್ತಿದ್ದರು, ಮಗು ಕುಡಿದು ಬಿಟ್ಟ ಹಾಲನ್ನು ಮತ್ತೆ ಎತ್ತಿಡದೆ ಚೆಲ್ಲುತ್ತಿದ್ದರು, ಎಷ್ಟು ಹೊತ್ತಿಗೆ ಎಷ್ಟು ಕುಡಿಯಿತೆಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸಂಜೆ ಆ ಪುಟವನ್ನು ಓದುವಾಗ ನನಗೆ ನಿಜವಾದ ಸಮಾಧಾನವಾಗುತ್ತಿತ್ತು.

ಕೊರತೆ ಇದ್ದದ್ದು ಕೈಗಳದು. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಪಾಲಕಿ, ಜೊತೆಗೆ ಒಬ್ಬ ಸಹಾಯಕಿ ಇರಬೇಕೆಂದಿದೆ. ಕೇಂದ್ರದಲ್ಲಿ ಏಳು ಶಿಶುಗಳಿಗೆ ಇಬ್ಬರಿದ್ದರು, ಅಂದರೆ ಲೆಕ್ಕದ ಪ್ರಕಾರ ಯಾವ ಲೋಪವೂ ಇರಲಿಲ್ಲ. ಆದರೆ ಹತ್ತು ಎಂಬ ಸಂಖ್ಯೆಯೇ ಶಿಶುಗಳ ಮಟ್ಟಿಗೆ ತೀರಾ ಹೆಚ್ಚೆಂದು ನನಗೆ ಅನಿಸುತ್ತದೆ, ಏಕೆಂದರೆ ನಡೆಯಲು, ಹೇಳಲು ಬಾರದ ನಾಲ್ಕು ಮಕ್ಕಳು ಒಟ್ಟಿಗೆ ಎದ್ದು ಅತ್ತರೆ ಇಬ್ಬರ ಕೈ ಸಾಲುವುದಿಲ್ಲ. ಜುಲೈನ ಒಂದು ಮಧ್ಯಾಹ್ನ ನಾನು ಹೇಳದೆ ಹೋದಾಗ, ಮಗಳು ತೊಟ್ಟಿಲಲ್ಲಿ ಅಂಗಾತ ಮಲಗಿದ್ದಳು, ಮಡಚಿದ ಟವೆಲಿಗೆ ಒರಗಿಸಿಟ್ಟ ಬಾಟಲಿ ಅವಳ ಬಾಯಲ್ಲಿತ್ತು. ಹಾಗೆ ಕುಡಿಸಿದರೆ ಹಾಲು ನೆತ್ತಿಗೇರಿ ಉಸಿರು ಕಟ್ಟಬಹುದು, ಕಿವಿಗೂ ತೊಂದರೆಯಾಗಬಹುದು. ಅಲ್ಲಿದ್ದ ಹುಡುಗಿ ವಾಂತಿ ಮಾಡಿಕೊಂಡ ಇನ್ನೊಂದು ಮಗುವನ್ನು ತೊಳೆಯುತ್ತಿದ್ದಳು, ಎರಡನೆಯವಳು ಊಟಕ್ಕೆ ಹೋಗಿದ್ದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಕೆಲಸಕ್ಕೆ ಸೇರಿ ಎಂಟು ದಿನವಾಗಿತ್ತು, ಆ ಏಳು ವಾರಗಳಲ್ಲಿ ನನ್ನ ಮಗುವನ್ನು ನೋಡಿಕೊಂಡವರಲ್ಲಿ ಅವಳು ನಾಲ್ಕನೆಯವಳು. ಮಗಳು ಬಾಟಲಿಯನ್ನೇ ಬೇಡವೆನ್ನತೊಡಗಿದ್ದೂ ರಾತ್ರಿ ಬೆಚ್ಚಿ ಎದ್ದು ಅಳುತ್ತಿದ್ದುದೂ ಆ ದಿನಗಳಲ್ಲೇ. ಮೊಬೈಲಿನಲ್ಲಿ ಸಿಸಿಟಿವಿ ನೋಡುವ ಅನುಕೂಲವನ್ನೂ ಅವರು ಕೊಟ್ಟಿದ್ದರು, ಆದರೆ ಕ್ಯಾಮೆರಾ ಇದ್ದದ್ದು ಬಾಗಿಲ ಕಡೆಗೆ, ತೊಟ್ಟಿಲುಗಳ ಕಡೆಗಲ್ಲ.

ದೊಡ್ಡ ಮಕ್ಕಳ ಕೋಣೆಗೂ ಶಿಶುಗಳ ಕೋಣೆಗೂ ಒಂದೇ ಬಚ್ಚಲು ಇದ್ದುದರಿಂದ ನೆಗಡಿ, ಕೆಮ್ಮು ಒಂದರ ಹಿಂದೆ ಒಂದು ಬಂದವು. ದಡಾರದ ಲಸಿಕೆ ಒಂಬತ್ತು ತಿಂಗಳಿಗೆ ಹಾಕುವಂಥದ್ದು, ಅದಕ್ಕೆ ಮುಂಚೆ ದೊಡ್ಡ ಮಕ್ಕಳೊಂದಿಗೆ ಹೀಗೆ ಬೆರೆಯುವುದು ನನಗೆ ಹೆದರಿಕೆಯ ವಿಷಯವೇ ಆಗಿತ್ತು. ಇನ್ನು ಮಳೆ. ಜಿಲ್ಲಾಧಿಕಾರಿಗಳು ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ರಜೆ ಘೋಷಿಸಿದ ದಿನ ಕೇಂದ್ರವೂ ಮುಚ್ಚುತ್ತಿತ್ತು, ನಮ್ಮ ಕಚೇರಿ ತೆರೆದಿರುತ್ತಿತ್ತು; ಜುಲೈ ಒಂದರಲ್ಲೇ ನಾನು ಐದು ದಿನ ಸಂಬಳವಿಲ್ಲದ ರಜೆ ಹಾಕಿದೆ.

ಕುಂಜಿಬೆಟ್ಟಿನ ಮನೆಯನ್ನು ತಿಳಿಸಿದವರು ನಮ್ಮ ಕಚೇರಿಯ ಸಹೋದ್ಯೋಗಿ, ಅವರ ಮಗ ಅಲ್ಲಿ ಎರಡು ವರ್ಷ ಇದ್ದವನು. ನೋಡಿಕೊಳ್ಳುವವರು ಐವತ್ತು ದಾಟಿದ ಗೃಹಿಣಿ, ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ. ಇರುವುದು ನಾಲ್ಕು ಮಕ್ಕಳು, ಅವರಲ್ಲಿ ಎತ್ತಿಕೊಳ್ಳುವ ಮಗು ನನ್ನದೊಂದೇ. ಹೋದ ದಿನ ನಾನು ಮೊದಲು ನೋಡಿದ್ದು ಬಾವಿಯನ್ನು. ಕಟ್ಟೆ ನನ್ನ ಸೊಂಟದೆತ್ತರಕ್ಕಿದೆ, ಮೇಲೆ ಬೀಗ ಹಾಕಿದ ಕಬ್ಬಿಣದ ಜಾಲರಿಯಿದೆ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಇದೆಯೇ, ತೋಟದಲ್ಲಿ ತೆಂಗಿನ ಚಿಪ್ಪು, ಟೈರುಗಳಲ್ಲಿ ನೀರು ನಿಂತಿದೆಯೇ, ಅಡುಗೆಮನೆಗೆ ಅಡ್ಡಬಾಗಿಲಿದೆಯೇ ಎಂಬುದನ್ನು ಆಮೇಲೆ ನೋಡಿದೆ. ಮಲೇರಿಯಾ, ಡೆಂಗಿ ಇರುವ ನಮ್ಮ ಜಿಲ್ಲೆಗಳಲ್ಲಿ ಇದು ಸಂಕೋಚಪಡುವ ವಿಷಯವಲ್ಲ, ಅಕ್ಕನೂ ಬೇಸರಿಸಿಕೊಳ್ಳದೆ ಎಲ್ಲವನ್ನೂ ತೋರಿಸಿದರು.

ಭಿನ್ನಾಭಿಪ್ರಾಯಗಳು ಬಂದದ್ದು ನಂತರ. ಅಕ್ಕ ಎದೆಹಾಲನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಡುತ್ತಿದ್ದರು. ಬಿಸಿನೀರಿನ ಬಟ್ಟಲಿನ ಕ್ರಮವನ್ನು ಎರಡು ದಿನ ಜೊತೆಗಿದ್ದು ತೋರಿಸಿದೆ. ಮಗುವನ್ನು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕೆಂದು ವೈದ್ಯರು ಹೇಳಿದ್ದನ್ನು ತಿಳಿಸಿದಾಗ, "ನನ್ನ ಮೂರೂ ಮಕ್ಕಳು ಸೀರೆಯ ಜೋಲಿಯಲ್ಲೇ ಮಲಗಿ ಬೆಳೆದದ್ದಲ್ವಾ ಮಗಾ" ಎಂದರು. ಆ ಮಾತನ್ನು ನಾನು ತಳ್ಳಿಹಾಕಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಒಂದು ಗಟ್ಟಿ ಹಾಸಿಗೆಯನ್ನು ನಾವೇ ಕೊಂಡುಕೊಟ್ಟೆವು. ರಾಗಿ ಮಣ್ಣಿ ಎಂಬ ಗಂಜಿಯಂಥ ತಿನಿಸಿಗೆ ಬೆಲ್ಲ ಹಾಕುವ ವಿಷಯಕ್ಕೆ ಒಂದು ವಾರ ಮಾತು ನಡೆದು, ಒಂದು ವರ್ಷ ತುಂಬುವವರೆಗೆ ಬೆಲ್ಲದ ಬದಲು ಕಿವುಚಿದ ಕದಳಿ ಹಣ್ಣು ಎಂದು ತೀರ್ಮಾನವಾಯಿತು. ಹೇಳಿದ ಮೇಲೆ ಅಕ್ಕ ಒಂದು ದಿನವೂ ತಪ್ಪಲಿಲ್ಲ. ಮೂರನೆಯ ವಾರದ ಹೊತ್ತಿಗೆ ಮಗಳು ಅವರ ದನಿ ಕೇಳಿದರೆ ಕತ್ತು ತಿರುಗಿಸುತ್ತಿದ್ದಳು, ಬಾಟಲಿಯಲ್ಲಿ ಪೂರ್ತಿ ಹಾಲು ಕುಡಿಯುತ್ತಿದ್ದಳು. ಮಧ್ಯಾಹ್ನ ಫೋನ್ ಮಾಡಿದರೆ "ಬಾಲೆ ಜೆತ್ತ್‌ಂಡ್" (ಮಗು ಮಲಗಿತು) ಎಂದು ತುಳುವಿನಲ್ಲಿ ಪಿಸುದನಿಯ ಉತ್ತರ ಬರುತ್ತಿತ್ತು.

ತೊಂದರೆಯೂ ಇದೆ, ಅದು ಚಿಕ್ಕದಲ್ಲ. ಅಕ್ಕನಿಗೆ ಜ್ವರ ಬಂದ ವಾರ ಅವರ ಬದಲಿಗೆ ಯಾರೂ ಇರಲಿಲ್ಲ. ಕುಟುಂಬದ ದೈವದ ನೇಮೋತ್ಸವಕ್ಕೆ ಮೂರು ದಿನ ಮನೆಗೆ ಬೀಗ ಹಾಕಿದರು, ಹದಿನೈದು ದಿನ ಮೊದಲೇ ತಿಳಿಸಿದ್ದರಿಂದ ನನ್ನ ತಾಯಿ ಶಿರಸಿಯಿಂದ ಬರಲು ಸಾಧ್ಯವಾಯಿತು. ರಶೀದಿ ಇಲ್ಲ, ಬರಹದಲ್ಲಿ ಯಾವ ಕರಾರೂ ಇಲ್ಲ. ಕೇಂದ್ರದ ಶುಲ್ಕ ಇಲ್ಲಿನದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಇತ್ತು, ಆದರೆ ಉಳಿದ ಹಣದಲ್ಲಿ ಒಂದಷ್ಟು ಇಂಥ ರಜೆಗಳಿಗೇ ಹೋಯಿತು. ಹತ್ತಿರದಲ್ಲಿ ಸಹಾಯಕ್ಕೆ ಬರುವ ಒಬ್ಬರೂ ಇಲ್ಲದ ದಂಪತಿಗಳಿಗೆ ಮನೆಯ ವ್ಯವಸ್ಥೆಯೊಂದನ್ನೇ ನಂಬಿಕೊಳ್ಳಿ ಎಂದು ನಾನು ಹೇಳಲಾರೆ.

ಈಗ ಮಗಳು ಅಂಗಳದಲ್ಲಿ ಓಡುತ್ತಾಳೆ, ಅಕ್ಕನಿಗೆ ಅವಳ ಹಿಂದೆ ಓಡಲಾಗುವುದಿಲ್ಲ. ಬರುವ ಜೂನ್‌ನಲ್ಲಿ ಇಂದ್ರಾಳಿ ಕಡೆಯ ಬೇರೊಂದು ಕೇಂದ್ರಕ್ಕೆ ಸೇರಿಸಲಿದ್ದೇವೆ. ಅಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಬೆಳಿಗ್ಗೆ ಮಗುವನ್ನು ಎತ್ತಿಕೊಳ್ಳುವವರು ಯಾರು, ಅವರು ಬಂದು ಎಷ್ಟು ದಿನವಾಯಿತು ಎಂಬುದು. ನಾಲ್ಕು ವರ್ಷ ಎಂಬ ಉತ್ತರ ಬಂದ ಮೇಲೆಯೇ ಉಳಿದುದನ್ನು ಕೇಳಿದೆ. ಮೊದಲ ವಾರ ಅರ್ಧ ದಿನ ಮಾತ್ರ, ಮಧ್ಯಾಹ್ನದ ಮೇಲೆ ಅಕ್ಕನ ಮನೆ. ಮಳೆಗೆ ರಜೆ ಸಾರಿದ ದಿನ ಮಗುವನ್ನು ತಮ್ಮಲ್ಲಿಗೇ ಕರೆತರಬೇಕೆಂದು ಅಕ್ಕ ಈಗಲೇ ಹೇಳಿಟ್ಟಿದ್ದಾರೆ.